ಅಕ್ಷರಕ್ರಮ ಮತ್ತು ಓದಿನ ಕ್ರಮ: ನಲಿ-ಕಲಿ ಪದ್ಧತಿಯ ಒಂದು ಪರಿಶೀಲನೆ

ಕನ್ನಡ ವರ್ಣಮಾಲೆಯ ಅನುಕ್ರಮವು ಮುಖ್ಯವಾಗಿ ಉಚ್ಚಾರಣಾ ಸ್ಥಾನವನ್ನು ಆಧರಿಸಿದ ವೈಯಾಕರಣರ ವ್ಯವಸ್ಥೆ. ಮಗುವಿನ ಓದು ಇದೇ ಕ್ರಮದಲ್ಲಿ ಆರಂಭವಾಗಬೇಕೆ ಎಂಬುದು ಇಲ್ಲಿನ ಪ್ರಶ್ನೆ. ಸ್ವರಾಕ್ಷರಗಳು ಸಾಮಾನ್ಯವಾಗಿ ಪದಾದಿಯಲ್ಲಿ ಮಾತ್ರ ಬರುತ್ತವೆ; ಉಳಿದೆಡೆ ಗುಣಿತ ಚಿಹ್ನೆಗಳಾಗುತ್ತವೆ. ಆದ್ದರಿಂದ ಸ್ವರಗಳನ್ನಷ್ಟೇ ಕಲಿತ ಮಗುವಿಗೆ ಓದಲು ಪದಗಳು ದೊರೆಯುವುದಿಲ್ಲ.

ಆಂಧ್ರಪ್ರದೇಶದ ಋಷಿವ್ಯಾಲಿ ಮಾದರಿಯಿಂದ ಪ್ರೇರಣೆ ಪಡೆದು, 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯು ಮುಂದೆ ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ವಿಸ್ತರಿಸಿತು. ಅದು ವರ್ಣಮಾಲೆಯ ಕ್ರಮವನ್ನು ಕೈಬಿಟ್ಟು ರ, ಗ, ಸ, ದ, ಅ ಎಂಬ ಅಕ್ಷರಗಳಿಂದ ಕಲಿಕೆಯನ್ನು ಆರಂಭಿಸುತ್ತದೆ. ಈ ಐದರಿಂದಲೇ ಸರ, ದರ, ಅಗಸ, ಅರಸ, ಗರಗಸ ಎಂಬ ಪದಗಳು ಸಿದ್ಧಿಸುತ್ತವೆ. ಅಕ್ಷರವನ್ನು ಗುರುತಿಸಿದ ಮಗು ಕೂಡಲೇ ಪದವನ್ನು ಓದುತ್ತದೆ. ಕಲಿಕಾ ಕಾರ್ಡುಗಳ ಮೂಲಕ ತನ್ನದೇ ವೇಗದಲ್ಲಿ ಮುಂದುವರಿಯುತ್ತದೆ.

ಆದರೆ ಇಲ್ಲೊಂದು ಮಿತಿಯನ್ನು ಗಮನಿಸಬೇಕು. ಕನ್ನಡದ ವಿಭಕ್ತಿ ಹಾಗೂ ಕ್ರಿಯಾರೂಪಗಳು ಬಹುತೇಕ ಗುಣಿತಾಕ್ಷರಗಳನ್ನು ಅವಲಂಬಿಸಿವೆ. ‘ಅರಸ’ ಎಂದು ಓದಬಲ್ಲ ಮಗು ಈ ಹಂತದಲ್ಲಿ ‘ಅರಸನು ಬಂದನು’ ಎಂಬುದನ್ನು ಓದಲಾರದು. ವಾಕ್ಯವು ದೊರೆಯದ ಈ ಅವಧಿಯಲ್ಲಿ ಓದು ಕೇವಲ ಗುರುತಿಸುವಿಕೆಯಾಗಿ ಉಳಿದು, ಆಸಕ್ತಿ ಕುಗ್ಗುವ ಅಪಾಯವಿದೆ. ಶಿಕ್ಷಕರು ಗಟ್ಟಿಯಾಗಿ ಓದಿಹೇಳುವ ಕಥೆ ಹಾಗೂ ಮಕ್ಕಳ ಕೈಗೆಟಕುವ ಚಿತ್ರಪುಸ್ತಕಗಳು ಈ ಕೊರತೆಯನ್ನು ತುಂಬಬಲ್ಲವು. ಅರಸನು ಮುಂದೇನು ಮಾಡಿದನೆಂಬ ಕುತೂಹಲವೇ ಗುಣಿತವನ್ನು ಕಲಿಯುವ ಕಾರಣವಾಗಬೇಕು. ಆದ್ದರಿಂದ ಅಕ್ಷರಕ್ರಮದ ಸುಧಾರಣೆಯನ್ನು ಕಥಾವಾಚನದಿಂದ ಬೇರ್ಪಡಿಸಿ ನೋಡುವುದು ಸಮಂಜಸವಲ್ಲ.