ಅಡಗಿಸಿದ್ದು ಮತ್ತು ಅಳಿಸಿದ್ದು: ಅಮೆರಿಕದ ಒಳಸಂಚಿನ ಕಥನಗಳಲ್ಲಿ ಚರಿತ್ರೆಯ ರಹಸ್ಯ

ರಾಷ್ಟ್ರವೊಂದರ ಚರಿತ್ರೆಯೊಳಗೆ ಗುಟ್ಟೊಂದು ಹುದುಗಿದೆ, ಬಲಿಷ್ಠರ ಕೂಟವೊಂದು ಅದನ್ನು ಕಾಯುತ್ತಿದೆ, ಒಂಟಿ ವ್ಯಕ್ತಿಯೊಬ್ಬ ಅದನ್ನು ಬಯಲಿಗೆಳೆಯುತ್ತಾನೆ ಎಂಬ ಕಥಾಸೂತ್ರವು ಅಮೆರಿಕದ ಜನಪ್ರಿಯ ಸಾಹಿತ್ಯದಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿದೆ. ಇಂತಹ ಬರಹಗಳನ್ನು ಹೊತ್ತು ಕಳೆಯುವ ಓದೆಂದು ಬದಿಗಿರಿಸುವುದು ವಿಮರ್ಶೆಯ ವಾಡಿಕೆ. ಆದರೆ ಯಾವುದನ್ನು ರಹಸ್ಯವೆಂದು ಕರೆಯಬೇಕು, ಅದನ್ನು ಅಡಗಿಸಿದವರು ಯಾರು ಎಂಬ ಪ್ರಶ್ನೆಗಳು ಚರಿತ್ರೆಯ ರಾಜಕಾರಣಕ್ಕೆ ಸೇರಿದವು. ಈ ಪ್ರಶ್ನೆಗಳ ಹಿನ್ನೆಲೆಯಲ್ಲಿ ಕೆಲವು ಕಥನಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಗುಮಾನಿಯ ಹಿನ್ನೆಲೆ

ಪತ್ತೇದಾರಿ ಕಾದಂಬರಿಯಲ್ಲಿ ಅಪರಾಧಿ ಸಿಕ್ಕಿಬಿದ್ದೊಡನೆ ವ್ಯವಸ್ಥೆ ಮೊದಲಿನ ಸ್ಥಿತಿಗೆ ಮರಳುತ್ತದೆ. ಒಳಸಂಚಿನ ಕಾದಂಬರಿಯಲ್ಲಿ ವ್ಯವಸ್ಥೆಯೇ ಆರೋಪಿ. ಈ ಪಲ್ಲಟಕ್ಕೆ ಚಾರಿತ್ರಿಕ ಕಾರಣಗಳಿವೆ. ರಿಚರ್ಡ್ ಕಾಂಡನ್‌ನ ‘ದಿ ಮಂಚೂರಿಯನ್ ಕ್ಯಾಂಡಿಡೇಟ್’ (೧೯೫೯) ಶೀತಲ ಸಮರದ ಭೀತಿಯಿಂದ ಮೂಡಿದ ಕೃತಿ. ಅಲ್ಲಿ ಸಂಚು ಹೊರಗಿನ ಶತ್ರುವಿನದಾದರೂ ಅದಕ್ಕೆ ನೆರವಾಗುವವರು ಅಮೆರಿಕದ ಮನೆಯೊಳಗೇ ಇದ್ದಾರೆ. ೧೯೬೩ರ ನವೆಂಬರ್ ೨೨ರಂದು ಅಧ್ಯಕ್ಷ ಕೆನಡಿಯ ಹತ್ಯೆಯಾಯಿತು. ಓಸ್ವಾಲ್ಡ್ ಒಬ್ಬನೇ ಕೊಲೆಗಾರನೆಂದು ವಾರನ್ ಆಯೋಗವು ೧೯೬೪ರಲ್ಲಿ ೮೮೮ ಪುಟಗಳ ವರದಿ ನೀಡಿತು. ಸಂಚು ಇದ್ದಿರಬಹುದೆಂದು ೧೯೭೯ರಲ್ಲಿ ಪ್ರತಿನಿಧಿ ಸಭೆಯ ಸಮಿತಿ ಹೇಳಿತು. ಅದು ಮುಖ್ಯವಾಗಿ ನೆಚ್ಚಿದ್ದ ಧ್ವನಿಮುದ್ರಣದ ಸಾಕ್ಷ್ಯವನ್ನು ವಿಜ್ಞಾನಿಗಳ ತಂಡವೊಂದು ೧೯೮೨ರಲ್ಲಿ ತಳ್ಳಿಹಾಕಿತು. ಈ ನಡುವೆ ೧೯೭೫ರಲ್ಲಿ ಸೆನೆಟ್‌ನ ಚರ್ಚ್ ಸಮಿತಿಯು ವಿದೇಶಿ ನಾಯಕರ ಹತ್ಯೆಗೆ ಗುಪ್ತಚರ ಸಂಸ್ಥೆ ಹೂಡಿದ್ದ ಸಂಚುಗಳನ್ನು ಬಯಲುಮಾಡಿತ್ತು. ಆದ್ದರಿಂದ ಗುಮಾನಿಗೆ ಆಧಾರವೇ ಇರಲಿಲ್ಲವೆನ್ನಲಾಗದು. ಇತಿಹಾಸಕಾರ ರಿಚರ್ಡ್ ಹಾಫ್‌ಸ್ಟಾಡ್ಟರ್ ೧೯೬೪ರ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ತೋರಿಸಿದಂತೆ, ಸಂಚನ್ನು ಎಲ್ಲೆಡೆ ಕಾಣುವ ಮನಸ್ಸು ಸಾಕ್ಷ್ಯಗಳನ್ನು ಶ್ರದ್ಧೆಯಿಂದಲೇ ಕಲೆಹಾಕುತ್ತದೆ. ಅದು ಎಡವುವುದು ಸಾಕ್ಷ್ಯದಿಂದ ತೀರ್ಮಾನಕ್ಕೆ ಜಿಗಿಯುವಲ್ಲಿ.

೨. ಮುಗಿಯದ ಶೋಧ

ಈ ಜಿಗಿತವನ್ನೇ ವಸ್ತುವಾಗಿಸಿಕೊಂಡ ಕಾದಂಬರಿಗಳೂ ಇವೆ. ಥಾಮಸ್ ಪಿಂಚನ್‌ನ ‘ದಿ ಕ್ರೈಯಿಂಗ್ ಆಫ್ ಲಾಟ್ ೪೯’ (೧೯೬೬) ಕೃತಿಯಲ್ಲಿ ನಾಯಕಿ ಇಡಿಪಾ ಗುಪ್ತ ಅಂಚೆ ಜಾಲವೊಂದರ ಸುಳಿವುಗಳನ್ನು ಬೆನ್ನುಹತ್ತುತ್ತಾಳೆ. ಆ ಜಾಲ ನಿಜವಾಗಿ ಇದೆಯೋ ಇಲ್ಲವೋ ತಿಳಿಯುವ ಮೊದಲೇ ಕಾದಂಬರಿ ಮುಗಿಯುತ್ತದೆ. ಡಾನ್ ಡಿಲಿಲೊನ ‘ಲಿಬ್ರಾ’ (೧೯೮೮) ಕಾದಂಬರಿಯ ನಿಕೋಲಸ್ ಬ್ರಾಂಚ್ ಕೆನಡಿ ಹತ್ಯೆಯ ಗುಪ್ತ ಚರಿತ್ರೆಯನ್ನು ಬರೆಯಲು ನೇಮಕಗೊಂಡ ನಿವೃತ್ತ ಗುಪ್ತಚರ ಅಧಿಕಾರಿ. ಅವನ ಕೋಣೆಗೆ ಕಡತಗಳು ಬರುತ್ತಲೇ ಇರುತ್ತವೆ, ಬರವಣಿಗೆ ಮಾತ್ರ ಮುಂದೆ ಸಾಗುವುದಿಲ್ಲ. ಇಲ್ಲಿ ಸತ್ಯಕ್ಕೆ ಅಡ್ಡಿಯಾಗಿರುವುದು ದಾಖಲೆಗಳ ಕೊರತೆಯಲ್ಲ, ಅವುಗಳ ವಿಪುಲತೆ.

೩. ಎರಡು ಬಗೆಯ ರಹಸ್ಯ

ಜನಪ್ರಿಯ ಧಾರೆಯಲ್ಲಿ ಈ ಅನಿಶ್ಚಯವಿಲ್ಲ. ಡ್ಯಾನ್ ಬ್ರೌನ್‌ನ ‘ದಿ ಲಾಸ್ಟ್ ಸಿಂಬಲ್’ (೨೦೦೯) ಕಾದಂಬರಿಯಲ್ಲಿ ವಾಷಿಂಗ್ಟನ್ ನಗರದ ಕಟ್ಟಡಗಳು ಪುರಾತನ ಜ್ಞಾನವೊಂದನ್ನು ಕಾಪಿಟ್ಟಿವೆ. ಇದೇ ಧಾಟಿಯ ಚಲನಚಿತ್ರ ‘ನ್ಯಾಷನಲ್ ಟ್ರೆಷರ್’ನಲ್ಲಿ (೨೦೦೪) ಸ್ವಾತಂತ್ರ್ಯ ಘೋಷಣೆಯ ಹಿಂಬದಿಯಲ್ಲಿ ಕಾಣದ ಶಾಯಿಯಿಂದ ಬರೆದ ಗುಪ್ತಲಿಪಿ ಇದೆ; ಅದರ ಜಾಡು ನಿಧಿಯತ್ತ ಕೊಂಡೊಯ್ಯುತ್ತದೆ. ಎರಡರಲ್ಲೂ ರಹಸ್ಯ ಬಯಲಾದಾಗ ರಾಷ್ಟ್ರಸ್ಥಾಪಕರ ಘನತೆ ಹೆಚ್ಚುತ್ತದೆ.

ಆದರೆ ಅದೇ ಘೋಷಣೆಯಲ್ಲಿ ನಿಜವಾಗಿಯೂ ಇಲ್ಲವಾದ ಬರಹವೊಂದಿದೆ. ಜೆಫರ್‌ಸನ್‌ನ ಕರಡಿನಲ್ಲಿ ಗುಲಾಮರ ವ್ಯಾಪಾರಕ್ಕಾಗಿ ಬ್ರಿಟನ್ನಿನ ದೊರೆಯನ್ನು ಖಂಡಿಸುವ ಭಾಗವಿತ್ತು. ೧೭೭೬ರಲ್ಲಿ ಕಾಂಗ್ರೆಸ್ ಅದನ್ನು ತೆಗೆದುಹಾಕಿತು. ಅದನ್ನು ಬರೆದ ಜೆಫರ್‌ಸನ್ ಕೂಡ ತನ್ನ ಜೀವಿತಾವಧಿಯಲ್ಲಿ ೬೦೦ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದವನು. ಈ ಕರಡು ಇಂದಿಗೂ ಉಳಿದಿದೆ, ಮುದ್ರಣದಲ್ಲೂ ಲಭ್ಯವಿದೆ. ಅದನ್ನು ಓದಲು ಗುಪ್ತಲಿಪಿಯ ಜ್ಞಾನ ಬೇಕಿಲ್ಲ. ಅದರಿಂದ ನಿಧಿ ಸಿಗುವುದಿಲ್ಲವಾದ್ದರಿಂದಲೇ ರೋಚಕ ಕಥನಕ್ಕೆ ಅದು ಒಗ್ಗಿಲ್ಲ.

ಈ ಕೊರತೆಯನ್ನು ಒಳಗಿನಿಂದ ಪ್ರಶ್ನಿಸಿದ್ದು ಕಪ್ಪು ಲೇಖಕ ಇಷ್ಮಾಯಿಲ್ ರೀಡ್‌ನ ‘ಮಂಬೋ ಜಂಬೋ’ (೧೯೭೨). ೧೯೨೦ರ ದಶಕದಲ್ಲಿ ಕಪ್ಪು ಜನರ ಕುಣಿತ, ಸಂಗೀತಗಳು ಸಾಂಕ್ರಾಮಿಕದಂತೆ ಹಬ್ಬುವುದನ್ನು ತಡೆಯಲು ಬಿಳಿಯರ ಗುಪ್ತಕೂಟವೊಂದು ಹೆಣಗುವುದು ಇದರ ವಸ್ತು. ರೀಡ್ ಪತ್ತೇದಾರಿ ಕಥನದ ಚೌಕಟ್ಟನ್ನೇ ಬಳಸಿಕೊಂಡು ಸಂಸ್ಕೃತಿಯ ದಮನವನ್ನು ಅಪರಾಧವನ್ನಾಗಿ ನಿರೂಪಿಸುತ್ತಾನೆ. ಅದೇ ವರ್ಷ ಟಸ್ಕೆಗೀ ಪ್ರಕರಣ ಪತ್ರಿಕೆಗಳಲ್ಲಿ ಬಯಲಾದದ್ದು ಗಮನಾರ್ಹ. ಸಿಫಿಲಿಸ್ ರೋಗವಿದ್ದ ೩೯೯ ಕಪ್ಪು ಪುರುಷರನ್ನು ೧೯೩೨ರಿಂದ ಸರ್ಕಾರಿ ಆರೋಗ್ಯ ಸೇವೆಯು ಸರಿಯಾದ ಚಿಕಿತ್ಸೆ ನೀಡದೆ ಕೇವಲ ಗಮನಿಸುತ್ತಿತ್ತು. ಆ ರೋಗಿಗಳಿಗೆ ನಿಜ ತಿಳಿಸಿರಲಿಲ್ಲ. ಆದರೆ ಅಧ್ಯಯನದ ಫಲಿತಾಂಶಗಳು ೧೯೩೬ರಿಂದಲೇ ವೈದ್ಯಕೀಯ ಪತ್ರಿಕೆಗಳಲ್ಲಿ ಪ್ರಕಟವಾಗುತ್ತಿದ್ದವು. ಓದಿದ ಬಹುಪಾಲು ಜನರಿಗೆ ಅದು ಅಪರಾಧವೆಂದೇ ತೋರಲಿಲ್ಲ.

೪. ಸಮಾರೋಪ

ಅಡಗಿಸಿಟ್ಟದ್ದನ್ನು ಹುಡುಕುವ ಕಥನ ಓದುಗನಿಗೆ ಶೋಧದ ಸುಖ ಕೊಡುತ್ತದೆ. ತಪ್ಪು ಯಾವುದೋ ಕೂಟದ್ದಾದ್ದರಿಂದ ಅವನು ನಿರಪರಾಧಿಯಾಗಿ ಉಳಿಯುತ್ತಾನೆ. ಕಣ್ಣೆದುರಿಗಿದ್ದೂ ಓದದೆ ಬಿಟ್ಟದ್ದನ್ನು ಮುಂದಿಡುವ ಕಥನದಲ್ಲಿ ಈ ರಿಯಾಯಿತಿ ಇಲ್ಲ. ಗುಮಾನಿಪಡುವುದೇ ದೋಷವಲ್ಲ. ಆ ಗುಮಾನಿ ಯಾರನ್ನು ಪ್ರಶ್ನಿಸುತ್ತದೆ, ಯಾರನ್ನು ಕಾಪಾಡುತ್ತದೆ ಎಂಬ ನೆಲೆಯಲ್ಲಿ ಈ ಪ್ರಕಾರದ ಮೌಲ್ಯಮಾಪನ ನಡೆಯಬೇಕಾಗಿದೆ.