ಶೀರ್ಷಿಕೆಯ ಕೆಳಗಿನ ಎರಡು ಸಾಲು

ಪ್ರೀತಿಯ ತಮ್ಮನಿಗೆ,

ವೆಬ್‌ಸೈಟಿಗೆ ಬರೆಯುವ ಕೆಲಸಕ್ಕೆ ಸೇರಿದ್ದೀಯ, ಸಂತೋಷ. ಲೇಖನ ಮುಗಿಸಿ ಪ್ರಕಟಿಸುವ ಬಟನ್ ಒತ್ತುವ ಮೊದಲು ‘ಮೆಟಾ ಡಿಸ್ಕ್ರಿಪ್ಷನ್’ ಎಂಬ ಪುಟ್ಟ ಖಾಲಿ ಚೌಕ ಕಾಣುತ್ತದಲ್ಲ, ಅದರ ಬಗ್ಗೆಯೇ ಈ ಕಾಗದ. ಬಹಳ ಜನ ಅದನ್ನು ಹಾಗೇ ಬಿಡುತ್ತಾರೆ, ಇಲ್ಲವೇ ಲೇಖನದ ಮೊದಲ ಸಾಲನ್ನೇ ತಂದು ಅಂಟಿಸುತ್ತಾರೆ. ನೀನು ಹಾಗೆ ಮಾಡಬೇಡ. ಗೂಗಲ್‌ನಲ್ಲಿ ಏನನ್ನೋ ಹುಡುಕಿದವರಿಗೆ ನಿನ್ನ ಪುಟದ ಶೀರ್ಷಿಕೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಸಾಲು ಕಾಣುತ್ತವೆ. ಅವು ಆ ಚೌಕದಿಂದ ಬರಬಹುದು. ಹುಡುಕಿಕೊಂಡು ಬರುವವರ ಲೆಕ್ಕ ಹಿಡಿದರೆ, ನಿನ್ನ ಬರವಣಿಗೆಯಲ್ಲಿ ಹೆಚ್ಚು ಜನರ ಕಣ್ಣಿಗೆ ಬೀಳುವುದು ಅವೇ. ಲೇಖನದ ಒಳಗೆ ಕಾಲಿಡುವವರು ಅವರಲ್ಲಿ ಸ್ವಲ್ಪ ಮಂದಿ.

ಮೆಜೆಸ್ಟಿಕ್‌ನಲ್ಲಿ ನಿಂತ ಶಿವಮೊಗ್ಗದ ಬಸ್ಸಿನ ಬೋರ್ಡ್ ನೆನಪು ಮಾಡಿಕೋ. ಊರಿನ ಹೆಸರು ದೊಡ್ಡದಾಗಿ, ಅದರ ಕೆಳಗೆ ತುಮಕೂರು, ತಿಪಟೂರು, ಅರಸೀಕೆರೆ ಎಂದು ಚಿಕ್ಕದಾಗಿ. ತಿಪಟೂರಿನವರು ಆ ಚಿಕ್ಕ ಅಕ್ಷರ ನೋಡಿಯೇ ಹತ್ತುತ್ತಾರೆ. ಬೇರೆ ದಾರಿಯವರು ಹತ್ತದೆ ಉಳಿಯುವುದೂ ಅದನ್ನು ನೋಡಿಯೇ. ನಿನ್ನ ಆ ಎರಡು ಸಾಲೂ ಹಾಗೆಯೇ. ಇದು ತಮಗಲ್ಲ ಎಂದು ಓದುಗರಿಗೆ ಮೊದಲೇ ಗೊತ್ತಾದರೆ ಅವರ ಸಮಯ ಉಳಿಯಿತು. ನಮ್ಮ ಮೇಲೆ ಅವರಿಗಿರುವ ನಂಬಿಕೆಯೂ ಉಳಿಯಿತು. ಇದನ್ನು ನಾನು ಬಹಳ ದೊಡ್ಡದೆಂದು ಭಾವಿಸುತ್ತೇನೆ.

ಒಂದು ತಪ್ಪು ಕಲ್ಪನೆಯನ್ನು ಮೊದಲೇ ಬಿಟ್ಟುಬಿಡು. ಆ ಚೌಕದಲ್ಲಿ ಹುಡುಕು ಪದಗಳನ್ನು ತುಂಬಿದರೆ ಪುಟ ಮೇಲಕ್ಕೇರುತ್ತದೆ ಎಂದು ಹೇಳುವವರು ಇನ್ನೂ ಇದ್ದಾರೆ. ರ್‍ಯಾಂಕಿಂಗ್‌ಗೆ ಹುಡುಕು ಪದಗಳ ಕೀವರ್ಡ್ಸ್ ಟ್ಯಾಗನ್ನು ಪರಿಗಣಿಸುವುದಿಲ್ಲ, ಡಿಸ್ಕ್ರಿಪ್ಷನ್ನನ್ನೂ ಪರಿಗಣಿಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿಯಾಗಿದೆ. ಅಂದರೆ ಆ ಚೌಕದಲ್ಲಿ ಯಂತ್ರವನ್ನು ಒಲಿಸಿಕೊಳ್ಳಬೇಕಾದ ಕೆಲಸವೇ ಇಲ್ಲ. ಅದನ್ನು ಪೂರ್ತಿಯಾಗಿ ಮನುಷ್ಯರಿಗಾಗಿ ಬರೆಯಬಹುದು. ಹುಡುಕಿದವರು ಬಳಸಿದ ಪದ ನಿನ್ನ ಸಾಲಿನಲ್ಲಿದ್ದರೆ ಗೂಗಲ್ ಅದನ್ನು ದಪ್ಪಕ್ಷರದಲ್ಲಿ ತೋರಿಸುವುದುಂಟು. ಆದ್ದರಿಂದ ಜನ ಆಡುವ ಮಾತನ್ನೇ ಹಾಕು. ‘ಪಾಕವಿಧಾನ’ ಎಂದು ಹುಡುಕುವವರಿಗಿಂತ ‘ರೆಸಿಪಿ’ ಎನ್ನುವವರು ಹೆಚ್ಚಿದ್ದರೆ ರೆಸಿಪಿ ಎಂದೇ ಬರೆ, ಸಂಕೋಚ ಬೇಡ.

ಪುಳಿಯೋಗರೆ ಗೊಜ್ಜಿನ ಪುಟ ಅಂದುಕೋ. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಸಾಲು ಹೀಗಿರುತ್ತದೆ: ‘ಪುಳಿಯೋಗರೆ ಎಲ್ಲರಿಗೂ ಇಷ್ಟ. ಪುಳಿಯೋಗರೆ ಮಾಡುವುದು ಹೇಗೆಂದು ಈ ಲೇಖನದಲ್ಲಿ ತಿಳಿದುಕೊಳ್ಳೋಣ ಬನ್ನಿ. ಇಲ್ಲಿದೆ ಸಂಪೂರ್ಣ ಮಾಹಿತಿ.’ ಇದರಲ್ಲಿ ಶೀರ್ಷಿಕೆ ಹೇಳದ ಒಂದು ಸಂಗತಿಯೂ ಇಲ್ಲ. ಅದೇ ಜಾಗದಲ್ಲಿ ಹೀಗೆ ಬರೆ: ‘ಈರುಳ್ಳಿ, ಬೆಳ್ಳುಳ್ಳಿ ಹಾಕದ ಪುಳಿಯೋಗರೆ ಗೊಜ್ಜು. ಹುಣಸೆಹಣ್ಣು, ಬೆಲ್ಲ, ಎಳ್ಳಿನ ಅಳತೆ, ಕೆಡದಂತೆ ಎತ್ತಿಡುವ ಕ್ರಮ.’ ಹಬ್ಬದ ಅಡುಗೆಗೆ ಹುಡುಕುತ್ತಿರುವ ಗೃಹಿಣಿ ‘ಈರುಳ್ಳಿ, ಬೆಳ್ಳುಳ್ಳಿ ಹಾಕದ’ ಎಂಬಲ್ಲಿ ನಿಲ್ಲುತ್ತಾಳೆ. ಹಾಸ್ಟೆಲಿಗೆ ಹೊರಟ ಮಗನಿಗೆ ಡಬ್ಬಿ ತುಂಬಿಸುವವಳು ‘ಕೆಡದಂತೆ’ ಎಂಬಲ್ಲಿ ನಿಲ್ಲುತ್ತಾಳೆ. ಪುಟದಲ್ಲಿ ಎತ್ತಿಡುವ ಕ್ರಮ ಇಲ್ಲದಿದ್ದರೆ ಆ ಮಾತು ಹಾಕಲೇಬೇಡ. ಇಲ್ಲವೇ ಮೊದಲು ಪುಟಕ್ಕೆ ಸೇರಿಸಿ, ಆಮೇಲೆ ಬರೆ. ಎಷ್ಟೋ ಸಲ ಈ ಎರಡು ಸಾಲು ಬರೆಯಲು ಕೂತಾಗಲೇ ಲೇಖನದಲ್ಲಿ ಏನು ಬಿಟ್ಟುಹೋಗಿದೆ ಎಂದು ತಿಳಿಯುತ್ತದೆ.

‘ಇಲ್ಲಿದೆ ಸಂಪೂರ್ಣ ಮಾಹಿತಿ’, ‘ತಿಳಿದರೆ ಬೆಚ್ಚಿಬೀಳ್ತೀರಿ’, ‘ತಪ್ಪದೇ ಓದಿ’, ಇವು ನಮ್ಮ ಕನ್ನಡ ವೆಬ್‌ಸೈಟುಗಳಿಗೆ ಹಿಡಿದಿರುವ ರೋಗ. ನನಗೆ ನಿಜವಾಗಿ ಸಂಕಟವಾಗುತ್ತದೆ. ಹಳ್ಳಿಯಲ್ಲಿ ಕೂತು ವಿದ್ಯಾರ್ಥಿವೇತನದ ಕೊನೆಯ ದಿನಾಂಕ ಹುಡುಕುವ ಹುಡುಗಿ ಹತ್ತು ಕಡೆ ಈ ಮಾತು ಓದಿ, ಹತ್ತೂ ಪುಟ ತೆರೆದು, ದಿನಾಂಕ ಕಾಣದೆ ಸುಸ್ತಾಗುತ್ತಾಳೆ. ನಿನಗೆ ದಿನಾಂಕ ಗೊತ್ತಿದ್ದರೆ ಆ ಎರಡು ಸಾಲಿನಲ್ಲೇ ಹೇಳಿಬಿಡು. ಅಲ್ಲೇ ಹೇಳಿದರೆ ಯಾರು ಒಳಗೆ ಬರುತ್ತಾರೆ ಎಂದು ಆಫೀಸಿನಲ್ಲಿ ಕೇಳಬಹುದು. ದಿನಾಂಕ ಸಿಕ್ಕವಳಿಗೆ ಮುಂದೆ ಯಾವ ದಾಖಲೆ ಬೇಕು, ಅರ್ಜಿ ಎಲ್ಲಿ ಹಾಕಬೇಕು ಎಂಬ ಪ್ರಶ್ನೆಗಳಿರುತ್ತವೆ. ಅದಕ್ಕೆ ಬರುತ್ತಾಳೆ.

ಇನ್ನು ಉದ್ದದ ವಿಷಯ. ಇಲ್ಲಿ ಕನ್ನಡದಲ್ಲಿ ಬರೆಯುವ ನಾವು ಹೆಚ್ಚು ಯೋಚಿಸಬೇಕು. 160 ಅಕ್ಷರದೊಳಗೆ ಬರೆ ಎಂದು ನಿನಗೆ ಹೇಳಿಕೊಟ್ಟಿರುತ್ತಾರೆ. ಅದು ಇಂಗ್ಲಿಷಿನ ಅಂದಾಜು. ಇಂತಿಷ್ಟೇ ಇರಬೇಕೆಂಬ ಮಿತಿಯನ್ನು ಗೂಗಲ್ ಇಟ್ಟಿಲ್ಲ, ಪರದೆಯ ಅಗಲಕ್ಕೆ ಹೊಂದುವಷ್ಟು ತೋರಿಸಿ ಉಳಿದದ್ದನ್ನು ಕತ್ತರಿಸುತ್ತದೆ. ‘ಕರ್ನಾಟಕ’ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಏಳು. ‘ಸ್ತ್ರೀ’ ಒಂದೇ ಅಕ್ಷರ, ಲೆಕ್ಕದಲ್ಲಿ ಆರು. ಆದ್ದರಿಂದ ಬರೆಯುವ ಜಾಗದಲ್ಲಿ ಉದ್ದ ಸರಿಯಿದೆ ಎನ್ನುವ ಹಸಿರು ಚುಕ್ಕಿ ಬಂತೆಂದು ಹಿಗ್ಗಬೇಡ, ಕೆಂಪು ಬಂತೆಂದು ಹೆದರಬೇಡ. ನಿನ್ನ ಫೋನಿನಲ್ಲಿ ಹುಡುಕಿ, ಸಾಲು ಎಲ್ಲಿ ತುಂಡಾಗುತ್ತದೆಂದು ಕಣ್ಣಾರೆ ನೋಡು. 2017ರ ಡಿಸೆಂಬರಿನಲ್ಲಿ ಗೂಗಲ್ ಈ ಜಾಗವನ್ನು ಸುಮಾರು 320 ಅಕ್ಷರದವರೆಗೆ ಹಿಗ್ಗಿಸಿ, 2018ರ ಮೇ ಹೊತ್ತಿಗೆ ಮತ್ತೆ ಕುಗ್ಗಿಸಿತು. ಆ ನಡುವೆ ಉದ್ದುದ್ದ ಬರೆದುಕೊಂಡವರ ಸಾಲುಗಳು ಅರ್ಧಕ್ಕೇ ನಿಂತುಹೋದವು. ಮುಖ್ಯವಾದದ್ದನ್ನು ಮುಂದಿಟ್ಟವರಿಗೆ ಏನೂ ಆಗಲಿಲ್ಲ.

ಮುಂದಿಡುವುದು ಕನ್ನಡದಲ್ಲಿ ಸುಲಭವಲ್ಲ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಬೇಕು ಬೇಡಗಳೂ ಅದರ ಬಾಲದಲ್ಲೇ ಇರುತ್ತವೆ. ‘ಒಂದು ವರ್ಷ ತುಂಬದ ಮಕ್ಕಳಿಗೆ ಜೇನುತುಪ್ಪವನ್ನು ಯಾವ ರೂಪದಲ್ಲೂ ಕೊಡಬಾರದು’ ಎಂಬ ಸಾಲು ‘ಜೇನುತುಪ್ಪವನ್ನು’ ಎಂಬಲ್ಲಿ ತುಂಡಾಯಿತು ಅಂದುಕೋ. ಕೂಸಿಗೆ ಜೇನು ನೆಕ್ಕಿಸುವ ರೂಢಿ ನಮ್ಮ ಎಷ್ಟೋ ಮನೆಗಳಲ್ಲಿದೆ. ಅಂಥ ಮನೆಯ ತಾಯಿ ಕೊಡಿ ಎಂದೇ ಓದಿಕೊಂಡಾಳು. ಜೇನಿನಲ್ಲಿರಬಹುದಾದ ಬ್ಯಾಕ್ಟೀರಿಯಾದಿಂದ ಎಳೆಗೂಸಿಗೆ ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಅದಕ್ಕೇ ಹೀಗೆ ಬರೆ: ‘ಮಗುವಿಗೆ ವರ್ಷ ತುಂಬುವ ತನಕ ಜೇನುತುಪ್ಪ ಬೇಡ. ಕಾರಣ, ಲಕ್ಷಣ, ವೈದ್ಯರ ಬಳಿ ಯಾವಾಗ ಹೋಗಬೇಕು.’ ಮೊದಲ ವಾಕ್ಯ ಗಿಡ್ಡವಿದ್ದು ಬೇಗ ಮುಗಿಯಬೇಕು. ಆಮೇಲೆ ಎಲ್ಲಿ ತುಂಡಾದರೂ ಅನರ್ಥವಾಗುವುದಿಲ್ಲ. ಆರೋಗ್ಯ, ಕಾನೂನು, ಹಣದ ಪುಟಗಳಲ್ಲಿ ಇದನ್ನು ವ್ರತದಂತೆ ಪಾಲಿಸು.

ಇಷ್ಟೆಲ್ಲ ಮಾಡಿದರೂ ಗೂಗಲ್ ನಿನ್ನ ಸಾಲನ್ನು ಬಿಟ್ಟು, ಪುಟದೊಳಗಿನ ಬೇರೆ ತುಣುಕನ್ನು ತೋರಿಸಬಹುದು. ಯಾರು ಏನು ಹುಡುಕಿದರು ಎಂಬುದರ ಮೇಲೆ ಅದು ಬದಲಾಗುತ್ತದೆ. ಬೇಸರ ಪಡಬೇಡ. ಲೇಖನದ ಮೊದಲ ಪ್ಯಾರಾವನ್ನೂ ಉಪಶೀರ್ಷಿಕೆಗಳ ಕೆಳಗಿನ ಸಾಲುಗಳನ್ನೂ ಇದೇ ಶ್ರದ್ಧೆಯಿಂದ ಬರೆದರೆ ಯಾವ ತುಣುಕು ಎತ್ತಿದರೂ ಅದು ನಿನ್ನ ಒಳ್ಳೆಯ ಬರವಣಿಗೆಯೇ ಆಗಿರುತ್ತದೆ.

ಕೆಲವು ಸಣ್ಣ ಸಂಗತಿಗಳು. ನೇರವಾಗಿ ಎಚ್‌ಟಿಎಂಎಲ್‌ನಲ್ಲಿ ಬರೆಯುವಾಗ ವಿವರಣೆಯೊಳಗೆ ಕೀಲಿಮಣೆಯ ಜೋಡಿ ಉದ್ಧರಣ ಚಿಹ್ನೆ ಹಾಕಬೇಡ, ವಿವರಣೆ ಅಲ್ಲಿಗೇ ಮುಗಿಯಿತೆಂದು ಯಂತ್ರ ತಿಳಿಯುತ್ತದೆ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರದಲ್ಲಿ ಟೈಪಾದದ್ದನ್ನು ಯೂನಿಕೋಡಿಗೆ ಬದಲಿಸದೆ ಅಂಟಿಸಬೇಡ. ಎಲ್ಲ ಪುಟಕ್ಕೂ ಒಂದೇ ವಿವರಣೆ ಹಾಕುವುದಕ್ಕಿಂತ ಖಾಲಿ ಬಿಡುವುದು ಮೇಲು. ಬೆಲೆ, ದಿನಾಂಕ ಹಾಕಿದರೆ ಅವು ಬದಲಾದ ದಿನವೇ ತಿದ್ದುವ ಜವಾಬ್ದಾರಿ ನಿನ್ನದು. ವಾಟ್ಸಾಪ್‌ನಲ್ಲಿ ಲಿಂಕ್ ಹಂಚಿದಾಗ ಕಾಣುವ ವಿವರಣೆಗೆ ಓಪನ್ ಗ್ರಾಫ್ ಎಂಬ ಬೇರೆ ಟ್ಯಾಗ್ ಇದೆ. ನಮ್ಮ ಜನರಿಗೆ ಎಷ್ಟೋ ಲೇಖನ ತಲುಪುವುದು ಮನೆಯವರ ಗ್ರೂಪಿನಿಂದ, ಅದನ್ನೂ ತುಂಬು.

ನೂರಾರು ಹಳೆಯ ಪುಟಗಳಿವೆ, ಎಲ್ಲಿಂದ ಶುರು ಮಾಡಲಿ ಎಂದು ಕೈಚೆಲ್ಲಬೇಡ. ಮೊದಲು ಮುಖಪುಟ, ಆಮೇಲೆ ಹೆಚ್ಚು ಜನ ಬರುವ ಪುಟಗಳು. ಗೂಗಲ್‌ನ ಸರ್ಚ್ ಕನ್ಸೋಲ್ ಎಂಬ ಉಪಕರಣದಲ್ಲಿ 16 ತಿಂಗಳ ಲೆಕ್ಕ ಸಿಗುತ್ತದೆ: ಯಾವ ಪದ ಹುಡುಕಿದಾಗ ನಿನ್ನ ಪುಟ ಕಾಣಿಸಿತು, ಎಷ್ಟು ಸಲ ಕಾಣಿಸಿತು, ಜನ ಎಷ್ಟು ಸಲ ಒತ್ತಿದರು. ಬಹಳ ಸಲ ಕಂಡೂ ಯಾರೂ ಒತ್ತದ ಪುಟ ತೆಗೆದುಕೋ. ಜನ ಹುಡುಕಿದ ಪದಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಅವರು ಕೇಳುತ್ತಿರುವುದು ಪುಟದಲ್ಲಿ ಇದೆಯೇ ನೋಡು. ಇದ್ದರೆ ವಿವರಣೆಯಲ್ಲಿ ಹೇಳು. ಇಲ್ಲದಿದ್ದರೆ ಲೇಖನವನ್ನೇ ತಿದ್ದು. ಗೂಗಲ್ ಮತ್ತೆ ಬಂದು ಪುಟ ಓದುವ ತನಕ ಹೊಸ ಸಾಲು ಕಾಣದು, ಅದಕ್ಕೆ ಕೆಲವು ದಿನ ಹಿಡಿಯಬಹುದು. ದಿನಕ್ಕೊಂದು ಸಲ ಬದಲಿಸುತ್ತಾ ಕೂತರೆ ಯಾವ ಸಾಲಿನಿಂದ ಏನಾಯಿತೆಂದು ತಿಳಿಯುವುದೇ ಇಲ್ಲ. ಬರೆದ ತಾರೀಕು ಗುರುತು ಹಾಕಿಟ್ಟು, ತಿಂಗಳು ಕಳೆದ ಮೇಲೆ ಲೆಕ್ಕ ತೆರೆದು ನೋಡು.

ಇಂತಿ ನಿನ್ನ ಒಳಿತನ್ನೇ ಬಯಸುವ
ಅಕ್ಕ