ಎರಿ ಮಣ್ಣಿನ ಮೇಲೆ ಮೋಟಾರ್ ಗೇಟು

ಗೇಟಿಗೆ ಮೋಟಾರು ಕೂರಿಸಬೇಕೆಂದು ಗದಗ-ಬೆಟಗೇರಿಯ ಅಂಗಡಿಗೆ ಹೋದವರಿಗೆ ಎದುರಾಗುವ ಮೊದಲ ಪ್ರಶ್ನೆ: ಗೇಟಿನ ತೂಕ ಎಷ್ಟು? 500 ಕೆ.ಜಿ., 800 ಕೆ.ಜಿ., 1,000 ಕೆ.ಜಿ. ಎಂದು ಎಳೆಯುವ ತೂಕದ ಮೇಲೆಯೇ ಮೋಟಾರುಗಳ ದರ ನಿಂತಿದೆ. ಗೇಟು ನಿಲ್ಲುವ ನೆಲ ಎಂಥದ್ದು ಎಂದು ಕೇಳುವವರು ಕಡಿಮೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿ ಮನೆಗಳಲ್ಲಿ ಖರ್ಚನ್ನು ಏರಿಸುವುದು, ಇಳಿಸುವುದು ಹೆಚ್ಚಾಗಿ ಈ ನೆಲವೇ.

ಕೆಂಪು ಮಸಾರಿ ನೆಲ ಅಷ್ಟಾಗಿ ಕಾಡುವುದಿಲ್ಲ. ಕಪ್ಪು ಎರಿ ಹಾಗಲ್ಲ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮೇಲಿರುವ ಕಂಬವೂ ಅದರ ಜೊತೆಗೇ ಏರಿಳಿಯುತ್ತದೆ. ಕೈಯಿಂದ ತೆರೆಯುವ ಗೇಟು ಸ್ವಲ್ಪ ವಾಲಿದರೆ ಎತ್ತಿ ಚಿಲಕ ಹಾಕಿ ಕಾಲ ತಳ್ಳಬಹುದು. ಹಳಿಯ ಮೇಲೆ ಪಕ್ಕಕ್ಕೆ ಸರಿಯುವ ಮೋಟಾರ್ ಗೇಟಿನಲ್ಲಿ ಹಲ್ಲಿನ ಪಟ್ಟಿಗೂ ಮೋಟಾರಿನ ಹಲ್ಲುಚಕ್ರಕ್ಕೂ ನಡುವೆ ಇರಬೇಕಾದ ಸಂದು ಒಂದೆರಡು ಮಿಲಿಮೀಟರ್ ಮಾತ್ರ. ಹಳಿ ಒಂದು ಬದಿಗೆ ಕುಸಿದರೆ ಗೇಟಿನ ಭಾರ ಆ ಚಕ್ರದ ಮೇಲೆ ಕೂರುತ್ತದೆ. ಆಮೇಲೆ ಸವೆಯುವುದು ಚಕ್ರ, ಸುಡುವುದು ಮೋಟಾರು.

ಈ ಅಂಕಣಕಾರನ ಮನೆ ಲಕ್ಷ್ಮೇಶ್ವರ ತಾಲ್ಲೂಕಿನ ಎರಿ ಸೀಮೆಯಲ್ಲಿದೆ. ಹಗಲು ಹೊತ್ತು ಮನೆಯಲ್ಲಿ ಇರುವವರು ಅವ್ವ ಒಬ್ಬರೇ. ಟ್ರ್ಯಾಕ್ಟರ್ ಬಂದಾಗ, ದನ ಹಟ್ಟಿಗೆ ಬರುವಾಗ ಹಳೆಯ ಎರಡು ಪಟ್ಟಿಯ ಭಾರದ ಗೇಟನ್ನು ಅವರೇ ಎಳೆಯಬೇಕಿತ್ತು. ಮಂಡಿ ನೋವು ಹೆಚ್ಚಾದ ಮೇಲೆ ಮೋಟಾರಿನ ಮಾತು ಬಂತು. ಗೇಟು ಮಾಡಿಕೊಟ್ಟ ವೆಲ್ಡಿಂಗ್ ಅಂಗಡಿಯವರು ಹೇಳಿದ ಮಾತು ನೇರವಾಗಿತ್ತು: ‘ಮೋಟಾರಿಗೆ ರೊಕ್ಕ ಹಾಕೂದಕ್ಕಿಂತ ಮೊದಲ ಪಾಯಾಕ್ಕ ಹಾಕ್ರಿ. ಸಣ್ಣ ಹುಡುಗ ಒಂದ ಕೈಯಾಗ ತಳ್ಳಿದ್ರ ಗೇಟು ಸರೀಬೇಕು. ಹಂಗ ಸರಿಯೂತನಕ ಮೋಟಾರ್ ತರಬ್ಯಾಡ್ರಿ.’

ಪಾಯಕ್ಕೆ ದಾರಿ ಹಳೆಯದೇ ಇದೆ. ಎರಿ ನೆಲಕ್ಕೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ವಿಧಾನವೊಂದಿದೆ: ನೆಲಕ್ಕೆ ಬೋರ್ ಹಾಕಿ, ತಳದಲ್ಲಿ ಗಡ್ಡೆಯಂತೆ ಅಗಲ ಮಾಡಿ ಕಾಂಕ್ರೀಟ್ ತುಂಬುವುದು. ಆಳ ಸಾಮಾನ್ಯವಾಗಿ ಮೂರೂವರೆ ಮೀಟರ್. ಮೇಲಿನ ಮಣ್ಣು ಉಬ್ಬಿದರೂ ಕುಗ್ಗಿದರೂ ಕಂಬದ ಬೇರು ಅಲುಗದ ಪದರದಲ್ಲಿ ಊರಿರುತ್ತದೆ. ಅಂಕಣಕಾರನ ಮನೆಯಲ್ಲಿ ಹೀಗೆ ಊರಿದ ಎರಡೂ ಕಂಬಗಳನ್ನು ನೆಲಮಟ್ಟದಲ್ಲಿ ಒಂದೇ ಕಾಂಕ್ರೀಟ್ ತೊಲೆಯಿಂದ ಕಟ್ಟಿ, ಅದರ ಮೇಲೆಯೇ ಹಳಿಯನ್ನೂ ಮೋಟಾರಿನ ಪೀಠವನ್ನೂ ಕೂರಿಸಲಾಯಿತು. ಸುತ್ತಲಿನ ಎರಿ ತೆಗೆದು ಗರಸು ತುಂಬಲಾಯಿತು.

ಎರಡು ಪಟ್ಟಿ ಬಿಟ್ಟು, ಪಕ್ಕಕ್ಕೆ ಸರಿಯುವ ಗೇಟು ಆರಿಸಿದ್ದಕ್ಕೆ ಕಾರಣ ಗಾಳಿ. ಕಪ್ಪತಗುಡ್ಡದ ಮೇಲೆ ಸಾಲುಸಾಲಾಗಿ ನಿಂತ ಗಾಳಿಯಂತ್ರಗಳನ್ನು ನೋಡಿದವರಿಗೆ ಆಷಾಢದ ಗಾಳಿಯ ಬಗ್ಗೆ ಬೇರೆ ಹೇಳಬೇಕಿಲ್ಲ. ಗಂಟೆಗೆ 40 ಕಿ.ಮೀ. ವೇಗದ ಗಾಳಿ, ತಗಡು ಹೊದಿಸಿದ ಎರಡು ಮೀಟರ್ ಅಗಲ, ಒಂದು ಮುಕ್ಕಾಲು ಮೀಟರ್ ಎತ್ತರದ ಒಂದು ಪಟ್ಟಿಯನ್ನು ಸುಮಾರು 26 ಕೆ.ಜಿ. ಭಾರದಷ್ಟು ತಳ್ಳುತ್ತದೆ. ವೇಗ 60ಕ್ಕೆ ಏರಿದರೆ ಅದು ಎರಡು ಪಟ್ಟು ದಾಟಿ ಸುಮಾರು 60 ಕೆ.ಜಿ. ಆಗುತ್ತದೆ. ಆ ಗಾಳಿಗೆ ಎದುರಾಗಿ ಪಟ್ಟಿಯನ್ನು ತಿರುಗಿಸುವ ಮೋಟಾರಿನ ತೋಳು ಬಹಳ ದಿನ ಬಾಳದು. ತಗಡಿನ ಬದಲು ಸರಳು ಹಾಕಿದರೆ ಗಾಳಿಯೂ ಹಾಯುತ್ತದೆ, ಕಬ್ಬಿಣವೂ ಉಳಿಯುತ್ತದೆ.

ಲೆಕ್ಕ ಹೀಗಾಯಿತು: ಪಾಯ, ತೊಲೆ, ಕಂಬಕ್ಕೆ ₹78,000. ಹನ್ನೆರಡು ಅಡಿಯ ಗೇಟಿಗೆ ₹36,000. ಮೋಟಾರು, ಹಲ್ಲಿನ ಪಟ್ಟಿ, ರಿಮೋಟು, ಎರಡು ಜೊತೆ ಸೆನ್ಸರ್ ಸೇರಿ ಜಿಎಸ್‌ಟಿಯೊಂದಿಗೆ ₹42,000. ವೈರಿಂಗ್, ಅರ್ಥಿಂಗ್, ಸಿಡಿಲು ರಕ್ಷಕಕ್ಕೆ ₹11,000. ಬ್ಯಾಟರಿಗೆ ₹3,000. ಒಟ್ಟು ₹1,70,000, ಅದರಲ್ಲಿ ಮೋಟಾರಿನ ಪಾಲು ಕಾಲುಭಾಗ. ಮಸಾರಿ ನೆಲದವರಿಗೆ ಮೊದಲ ಮೊತ್ತ ಬಹಳ ಇಳಿಯುತ್ತದೆ, ಈಗಾಗಲೇ ಹಗುರವಾಗಿ ಸರಿಯುವ ಗೇಟಿದ್ದವರಿಗೆ ಎರಡನೆಯದೂ ಉಳಿಯುತ್ತದೆ. ಸಿಡಿಲು ರಕ್ಷಕವನ್ನು ಮಾತ್ರ ಯಾರೂ ಬಿಡಬಾರದು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಮೊದಲು ಹಾಳಾಗುವುದು ಗೇಟಿನ ಎಲೆಕ್ಟ್ರಾನಿಕ್ ಬೋರ್ಡು.

ಕರೆಂಟ್ ಬಿಲ್ಲಿನ ಭಯ ಬಹಳ ಜನರಿಗೆ ಇದೆ, ಇರಬೇಕಾಗಿಲ್ಲ. 24 ವೋಲ್ಟಿನ 150 ವಾಟ್ ಮೋಟಾರು ಒಮ್ಮೆ ತೆರೆದು ಮುಚ್ಚಲು 40 ಸೆಕೆಂಡ್ ಓಡಿದರೆ, ದಿನಕ್ಕೆ ಹನ್ನೆರಡು ಸಲ ಓಡಿಸಿದರೂ ತಿಂಗಳಿಗೆ ಮುಕ್ಕಾಲು ಯೂನಿಟ್ ಮುಟ್ಟುವುದಿಲ್ಲ. ರಿಮೋಟಿನ ಅಪ್ಪಣೆಗೆ ಕಾಯುವ ಬೋರ್ಡು ಐದು ವಾಟ್ ಎಳೆದರೂ ತಿಂಗಳಿಗೆ 3.6 ಯೂನಿಟ್. ಅಂದರೆ ಓಡುವುದಕ್ಕಿಂತ ಕಾಯುವುದಕ್ಕೇ ಹೆಚ್ಚು ಖರ್ಚು. 2023ರ ಆಗಸ್ಟ್‌ನಿಂದ ಗೃಹಜ್ಯೋತಿಯ ಶೂನ್ಯ ಬಿಲ್ ಬರುತ್ತಿರುವ ಮನೆಗಳಲ್ಲಿ, ಬಳಕೆ ತಮ್ಮ ಮಿತಿಯ ಅಂಚಿನಲ್ಲಿದ್ದವರು ಈ ನಾಲ್ಕೈದು ಯೂನಿಟ್ ನೋಡಿಕೊಂಡರೆ ಸಾಕು.

ಕಂತಿನ ಮಾತಿಗೆ ಸ್ವಲ್ಪ ನಿಲ್ಲಬೇಕು. ₹1,00,000 ಸಾಲವನ್ನು ಶೇ 14ರ ಬಡ್ಡಿಗೆ ಮೂರು ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು ₹3,418. ಬಡ್ಡಿಯೇ ₹23,000 ದಾಟುತ್ತದೆ. ರೈತನಿಗೆ ಬೆಳೆಯ ಕೆಲಸಕ್ಕೆ ಸಾಲ ಸಿಗಲೆಂದು 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಣಗಿನಹಾಳ ಇದೇ ಗದಗ ತಾಲ್ಲೂಕಿನದು. ಫಸಲು ತರುವ ಸಾಲ ಬೇರೆ, ಗೇಟಿನ ಸಾಲ ಬೇರೆ. ಗೇಟು ಕಂತನ್ನು ದುಡಿದು ಕೊಡುವುದಿಲ್ಲ. ಅದಕ್ಕೇ ಅಂಕಣಕಾರನ ಮನೆಯಲ್ಲಿ ಒಂದು ವರ್ಷದ ಹೆಸರಿನ ರೊಕ್ಕದಲ್ಲಿ ಪಾಯ ಮತ್ತು ಗೇಟು, ಮೋಟಾರಿನ ವೈರಿಗೆ ನೆಲದೊಳಗೆ ಖಾಲಿ ಪೈಪು. ಮುಂದಿನ ವರ್ಷ ಉಳ್ಳಾಗಡ್ಡಿ ಮಾರಿದ ಮೇಲೆ ಮೋಟಾರು. ನಡುವೆ ಒಂದು ಮಳೆಗಾಲ, ಒಂದು ಬೇಸಿಗೆ ಕಳೆದದ್ದರಿಂದ ಪಾಯದ ಪರೀಕ್ಷೆಯೂ ಆಯಿತು. ಅಷ್ಟರಲ್ಲೇ ಅವ್ವನಿಗೆ ಗೇಟು ಹಗುರಾಗಿತ್ತು.

ದಾರಿಗೆ ಅಡ್ಡ ಬಂದದ್ದನ್ನು ಕಿರಣದಿಂದ ಗುರುತಿಸಿ ಗೇಟು ನಿಲ್ಲಿಸುವ ಸೆನ್ಸರ್ ಪೇಟೆಯ ಮನೆಗೆ ಒಂದು ಜೊತೆ ಸಾಕಾದೀತು, ಹಳ್ಳಿಗೆ ಸಾಲದು. ಸಾಮಾನ್ಯವಾಗಿ ಅರ್ಧ ಮೀಟರ್ ಎತ್ತರಕ್ಕೆ ಕೂರಿಸುವ ಕಿರಣದ ಕೆಳಗೆ ಆಡಿನ ಮರಿ, ಅಂಬೆಗಾಲಿಡುವ ಕೂಸು ಸುಲಭವಾಗಿ ನುಸುಳುತ್ತವೆ. ಎರಡನೆಯ ಜೊತೆ ಇನ್ನೂ ಕೆಳಗಿರಬೇಕು. ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವಿನ ಸಂದು ಕಿರಣದ ಎದುರು ಬಂದ ಗಳಿಗೆಯಲ್ಲಿ ದಾರಿ ಖಾಲಿ ಎಂದೇ ಗೇಟು ತಿಳಿಯಬಹುದು. ಹಾಗಾಗಿ ತಾನಾಗಿ ಮುಚ್ಚುವ ಸೌಲಭ್ಯವನ್ನು ಸುಗ್ಗಿಯ ದಿನಗಳಲ್ಲಿ ಬಂದ್ ಮಾಡಿಡುವುದೇ ಸರಿ. ಹಳಿಯ ಎರಡೂ ತುದಿಗೆ ಗಟ್ಟಿ ತಡೆ ಇಲ್ಲದೆ ಹಣ ಚುಕ್ತಾ ಮಾಡಲೇಬಾರದು. ಅದು ಇಲ್ಲದಿದ್ದರೆ ಗೇಟು ಹಳಿ ದಾಟಿ ಮನುಷ್ಯರ ಮೇಲೆ ಬೀಳಬಹುದು.

ಇನ್ನುಳಿದದ್ದು ವರ್ಷದ ಖರ್ಚು. ಬ್ಯಾಟರಿ ಬದಲಾವಣೆ, ಬೇರಿಂಗಿಗೆ ಗ್ರೀಸು, ಮಳೆಗಾಲದ ನಂತರ ಹಳಿಯ ಮಟ್ಟ ನೋಡುವ ಕೂಲಿ ಸೇರಿ ಮನೆಯಲ್ಲಿ ವರ್ಷಕ್ಕೆ ₹3,000 ಬೇರೆ ತೆಗೆದಿಡುತ್ತಾರೆ. ಮೋಟಾರಿನ ಹಿಡಿತ ಬಿಡಿಸುವ ಕೀಲಿ ಅಡುಗೆ ಮನೆಯ ಗೂಟದಲ್ಲಿದೆ. ಕರೆಂಟೂ ಬ್ಯಾಟರಿಯೂ ಕೈಕೊಟ್ಟಾಗ ಅದನ್ನು ತಿರುಗಿಸಿ ಗೇಟು ತಳ್ಳುವುದನ್ನು ಅವ್ವ ಮೊದಲ ದಿನವೇ ಕಲಿತರು.